ಪುಟ್ಟ ಮೋಡವನ್ನು ಕಂಡ ಅಲ್ ಸೂಫಿ

ನವೆಂಬರ್‌ನ ಕತ್ತಲ ರಾತ್ರಿ, ದೀಪಗಳಿಲ್ಲದ ಬಯಲಿನಲ್ಲಿ ನಿಂತು ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿ. ಒಂದು ಮಸುಕು ಕಲೆ ನಿಮಗೂ ಕಂಡೀತು. ಉಳಿದುಬಂದ ಬರಹಗಳಲ್ಲಿ ಅದನ್ನು ಮೊದಲು ದಾಖಲಿಸಿದವರು ಅಬ್ದುರ್ರಹ್ಮಾನ್ ಅಲ್ ಸೂಫಿ.

903ರಲ್ಲಿ ಇರಾನಿನ ರಯ್ ಪಟ್ಟಣದಲ್ಲಿ ಹುಟ್ಟಿದ ಅವರು ದೊರೆ ಅದುದುದ್ದೌಲಾರ ಆಸ್ಥಾನದ ಖಗೋಳ ವಿದ್ವಾಂಸರು. ಟಾಲೆಮಿಯ ಪಟ್ಟಿಯಲ್ಲಿದ್ದ ಸಾವಿರಕ್ಕೂ ಮಿಕ್ಕ ನಕ್ಷತ್ರಗಳ ಹೊಳಪನ್ನು ಸ್ವತಃ ನೋಡಿ ತಿದ್ದಿದರು. (ಸ್ಥಾನಗಳಿಗೆ ಮಾತ್ರ ಹೆಚ್ಚಾಗಿ ಹಳೆಯ ಲೆಕ್ಕವನ್ನೇ ಆಧರಿಸಿದರೆಂಬುದೂ ನಿಜ.) 964ರ ಸುಮಾರಿಗೆ ಬರೆದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಆ ಕಲೆಯನ್ನು ಪುಟ್ಟ ಮೋಡವೆಂದು ಗುರುತಿಸಿದರು. ದೂರದರ್ಶಕ ಬರಲು ಇನ್ನೂ ಆರು ಶತಮಾನಕ್ಕೂ ಹೆಚ್ಚು ಕಾಲವಿತ್ತು!

ಅದು ಮೋಡವಲ್ಲ, ನಮ್ಮ ಆಕಾಶಗಂಗೆಯ ಹೊರಗಿನ ಗೆಲಾಕ್ಸಿ ಎಂದು 1920ರ ದಶಕದಲ್ಲಿ ಹಬಲ್ ತೋರಿಸಿದರು. ಹೆಸರು ಆಂಡ್ರೊಮಿಡಾ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕಿಗೂ ಅಲ್ಲಿಂದ ಬರಲು ಸುಮಾರು 25 ಲಕ್ಷ ವರ್ಷ ಬೇಕು. ಅಲ್ ಸೂಫಿ ಕಂಡದ್ದು ಅಷ್ಟು ಹಳೆಯ ಬೆಳಕು.

ವಿಶ್ವ ಹಿಗ್ಗುತ್ತಿದೆಯೆಂದು ಓದಿದ್ದೀರಲ್ಲವೇ? ಆದರೆ ಈ ಗೆಲಾಕ್ಸಿ ನಮ್ಮತ್ತಲೇ ಬರುತ್ತಿದೆ! ಹತ್ತಿರದಲ್ಲಿ ಗುರುತ್ವಾಕರ್ಷಣೆಯದೇ ಮೇಲುಗೈ. ಬಹುದೂರದವು ಬೆಳಕಿಗಿಂತಲೂ ವೇಗವಾಗಿ ದೂರವಾಗುತ್ತವೆ; ಅವು ಓಡುವುದಲ್ಲ, ನಡುವಿನ ಅವಕಾಶವೇ ಹಿಗ್ಗುವುದು.

ಅಲ್ ಸೂಫಿ 986ರಲ್ಲಿ ನಿಧನರಾದರು. ಚಂದ್ರನ ಮೇಲಿನ ಒಂದು ಕುಳಿಗೆ ಅಜೋಫಿ ಎಂಬ ಅವರ ಲ್ಯಾಟಿನ್ ಹೆಸರಿದೆ.