ಏಕಾಂತಪ್ರಿಯ ಶ್ರೀಮದ್ ರಾಜಚಂದ್ರರು

ಸೌರಾಷ್ಟ್ರದ ವವಾಣಿಯಾ ಗ್ರಾಮದಲ್ಲಿ 1867ರ ಕಾರ್ತಿಕ ಪೂರ್ಣಿಮೆಯಂದು ಜನಿಸಿದ ಶ್ರೀಮದ್ ರಾಜಚಂದ್ರರು 1887ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿಯೇ, ಮುಂಬಯಿಯಲ್ಲಿ ಶತಾವಧಾನ ನಡೆಸಿ ಕೀರ್ತಿವಂತರಾದರು. ಆದರೆ ಲೋಕದ ಪ್ರಶಂಸೆಯು ಆತ್ಮಸಾಧನೆಗೆ ತೊಡಕೆಂದರಿತು ಅವಧಾನವನ್ನೇ ತ್ಯಜಿಸಿದರು. ಗೃಹಸ್ಥರಾಗಿ, ರತ್ನವ್ಯಾಪಾರಿಗಳಾಗಿ ಪ್ರಾಮಾಣಿಕತೆಯಿಂದ ವ್ಯವಹರಿಸುತ್ತಿದ್ದರೂ, ವ್ಯಾಪಾರದ ಮಾತು ಮುಗಿದೊಡನೆ ಧರ್ಮಗ್ರಂಥವನ್ನು ಕೈಗೆತ್ತಿಕೊಳ್ಳುತ್ತಿದ್ದರು. 1891ರಲ್ಲಿ ಅವರನ್ನು ಸಂದರ್ಶಿಸಿದ ಗಾಂಧೀಜಿಯವರು ಈ ನಿರ್ಲಿಪ್ತತೆಗೆ ತಲೆದೂಗಿದರು.

ಮುಂಬಯಿಯ ಗದ್ದಲವನ್ನು ಬಿಟ್ಟು ಆಗಾಗ ಗುಜರಾತಿನ ಹಳ್ಳಿಗಳಲ್ಲಿಯೂ ಈಡರ್ ಬೆಟ್ಟದಲ್ಲಿಯೂ ಏಕಾಂತವಾಸ ಮಾಡುತ್ತಿದ್ದರು. 1896ರಲ್ಲಿ ನಡಿಯಾದಿನಲ್ಲಿ 142 ಪದ್ಯಗಳ ‘ಆತ್ಮಸಿದ್ಧಿ’ಯನ್ನು ರಚಿಸಿದರು. 1901ರಲ್ಲಿ ರಾಜಕೋಟದಲ್ಲಿ ದೇಹತ್ಯಾಗ ಮಾಡಿದಾಗ ಅವರಿಗೆ ವಯಸ್ಸು ಕೇವಲ 33.

ತನ್ನ ಆತ್ಮನನ್ನೇ ಸಂಗಾತಿಯಾಗಿ ಪಡೆದವನಿಗೆ ಏಕಾಂತವು ಒಂಟಿತನವಲ್ಲ, ಆನಂದ. ಅಂಗಡಿ, ಮನೆಗಳ ನಡುವೆ ಇರುವ ಶ್ರಾವಕರಿಗೂ ಆ ಆನಂದದ ಬಾಗಿಲು ಮುಚ್ಚಿಲ್ಲ. ದಿನಕ್ಕೊಂದು ಸಾಮಾಯಿಕದ 48 ನಿಮಿಷಗಳೇ ಅದರ ಹೊಸ್ತಿಲು.