ಎಚ್ಚೆನ್, ಪತ್ರಿಕೆಗಳು ಮತ್ತು ವಿಜ್ಞಾನದ ಮಾತು

ವಿಜ್ಞಾನಿಗಳೂ ಪತ್ರಕರ್ತರೂ ಪರಸ್ಪರ ದೂರುವುದು ಹಳೆಯ ಕಥೆ. ಸಂಶೋಧನೆಯನ್ನು ಪತ್ರಿಕೆಗಳು ತಿರುಚುತ್ತವೆ, ಉತ್ಪ್ರೇಕ್ಷಿಸುತ್ತವೆ ಎಂಬುದು ಒಂದು ಕಡೆಯ ಆಕ್ಷೇಪ. ವಿಜ್ಞಾನಿಗಳಿಗೆ ಜನರ ಭಾಷೆ ಬಾರದು, ಬೇಕಾದಾಗ ಅವರು ಮಾತಿಗೆ ಸಿಗುವುದಿಲ್ಲ ಎಂಬುದು ಇನ್ನೊಂದು ಕಡೆಯದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಈ ಜಗಳದಲ್ಲಿ ಮೂಲಭೂತವಾದ ಪ್ರಶ್ನೆಯೊಂದು ಮರೆಯಾಗುತ್ತದೆ. ವಿಜ್ಞಾನಿ ಜನರಿಗೆ ತಲುಪಿಸಬೇಕಾದದ್ದು ತನ್ನ ತೀರ್ಮಾನವನ್ನೋ ಅಥವಾ ಆ ತೀರ್ಮಾನಕ್ಕೆ ಬಂದ ದಾರಿಯನ್ನೋ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯ.

ವಿಜಯನಗರದ ನಿವಾಸಿಯಾದ ನನಗೆ ಕೆಂಗೇರಿಯ ದಾರಿಯಲ್ಲಿ ಸಿಗುವ ಜ್ಞಾನಭಾರತಿ ಪರಿಚಿತ ಸ್ಥಳ. 2021ರಿಂದ ಅಲ್ಲೊಂದು ಮೆಟ್ರೊ ನಿಲ್ದಾಣವೂ ಇದೆ. ಅಲ್ಲಿ ಇಳಿಯುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತಮ್ಮ ವಿಶ್ವವಿದ್ಯಾಲಯದ ಕುಲಪತಿಯೊಬ್ಬರು ಐದು ದಶಕಗಳ ಹಿಂದೆ ಬರೆದ ಮೂರು ಪತ್ರಗಳು ಎಬ್ಬಿಸಿದ ಕೋಲಾಹಲದ ಅರಿವಿದೆಯೋ ತಿಳಿಯದು. ಆ ಪತ್ರಗಳ ಕಥೆಗೆ ಬರುವ ಮುನ್ನ ಬರೆದವರ ಪರಿಚಯ ಅಗತ್ಯ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಓದುವ ಹಂಬಲದಿಂದ, ಬಸ್ಸಿನ ಹಣಕ್ಕೂ ಗತಿಯಿಲ್ಲದೆ, 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಂದು ಹೇಳುವ ಅವಕಾಶ ಈ ಹುಡುಗನಿಗೆ ಒದಗಿತು. ದೊಡ್ಡವರ ಮಾತನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ಮುಟ್ಟಿಸುವ ಈ ಕೆಲಸವನ್ನು ಅವರು ಬದುಕಿನುದ್ದಕ್ಕೂ ಮಾಡಿದರು. 1942ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ನಿಲ್ಲದೆ ಹಿಂದಿರುಗಿ, ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಯಲ್ಲಿ, ಅವಿವಾಹಿತರಾಗಿ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬದುಕು ಸವೆಸಿದರು. ವಿದ್ಯಾರ್ಥಿಗಳಿಗೆ ಅವರು ಎಚ್ಚೆನ್.

1970ರ ದಶಕದಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು 1976ರಲ್ಲಿ ಸಮಿತಿಯೊಂದನ್ನು ರಚಿಸಿ ತಾವೇ ಅಧ್ಯಕ್ಷರಾದರು. ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡಗಳನ್ನು ತೋರಿಸುವಂತೆ ಕೋರಿ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಬಾಬಾ ಅವರು ಪರೀಕ್ಷೆಗೆ ಒಪ್ಪಲಿಲ್ಲ. ಪತ್ರಗಳು ಮಾತ್ರ ದೇಶದಾದ್ಯಂತ ಸುದ್ದಿಯಾದವು. ಆಗ ತುರ್ತು ಪರಿಸ್ಥಿತಿಯಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಅಂಥ ದಿನಗಳಲ್ಲೂ ನಂಬಿಕೆ ಮತ್ತು ವಿಚಾರದ ಕುರಿತು ಬಹಿರಂಗ ಚರ್ಚೆಯೊಂದು ನಡೆಯಿತು. ಅದೇ ವರ್ಷ ಅಮೆರಿಕದಲ್ಲಿ ಕಾರ್ಲ್ ಸಗಾನ್, ಐಸಾಕ್ ಅಸಿಮೊವ್ ಮೊದಲಾದವರಿದ್ದ ಇಂಥದೇ ತನಿಖಾ ಸಮಿತಿ ಹುಟ್ಟಿಕೊಂಡಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನಕ್ಕೆ ಸೇರಿಸಿದ 42ನೇ ತಿದ್ದುಪಡಿಯೂ 1976ರದೇ.

ಈ ಪ್ರಕರಣದಲ್ಲಿ ಎಚ್ಚೆನ್ ತೋರಿದ ಧೈರ್ಯ ನಿರ್ವಿವಾದ. ಆದರೂ ಪತ್ರಗಳ ಫಲವನ್ನು ತೂಗಿ ನೋಡಿದಾಗ ನನಗೆ ಸಂಪೂರ್ಣ ಸಮಾಧಾನವಿಲ್ಲ. ಪರೀಕ್ಷೆಯೇ ನಡೆಯದ ಕಾರಣ ಓದುಗರ ಮುಂದೆ ಉಳಿದದ್ದು ಇಬ್ಬರು ಪ್ರಸಿದ್ಧರ ನಡುವಣ ಸವಾಲು ಮಾತ್ರ. ಭಕ್ತರು ಭಕ್ತರಾಗಿಯೇ ಉಳಿದರು, ವಿಚಾರವಾದಿಗಳು ವಿಚಾರವಾದಿಗಳಾಗಿಯೇ. ಸವಾಲು ಬಹುಬೇಗ ಸುದ್ದಿಯಾಗುತ್ತದೆ. ಆದರೆ ಒಂದು ಸಂಗತಿಯನ್ನು ಪರೀಕ್ಷಿಸುವುದು ಹೇಗೆಂಬುದನ್ನು ಅದು ಕಲಿಸುವುದಿಲ್ಲ.

ಅದೇ ಸಮಿತಿ ಮಾಡಿದ ಮತ್ತೊಂದು ಕೆಲಸ ಇದಕ್ಕಿಂತ ಭಿನ್ನ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನಿದ್ದ. ಸದಸ್ಯರು ಅಲ್ಲಿಗೇ ಹೋದರು, ಕಣ್ಣಾರೆ ಪರಿಶೀಲಿಸಿದರು, ವಿಭೂತಿಯನ್ನು ಉಡುಪಿನಲ್ಲಿ ಅಡಗಿಸಲಾಗಿತ್ತೆಂದು ಕಂಡುಕೊಂಡರು. ಇಲ್ಲಿ ಓದುಗನಿಗೆ ದೊರೆತದ್ದು ತನಿಖೆಯ ವಿಧಾನ. ಯಾರು ಏನೇ ಹೇಳಿಕೊಳ್ಳಲಿ, ಹೋಗಿ ನೋಡಬಹುದು, ಪರೀಕ್ಷಿಸಬಹುದು ಎಂಬ ಅರಿವು. ಸಮಿತಿ 1977ರಲ್ಲಿ ವಿಸರ್ಜನೆಗೊಂಡಿತು. ಅದೇ ವರ್ಷ ಎಚ್ಚೆನ್ ಅವರ ಕುಲಪತಿ ಅವಧಿಯೂ ಮುಗಿಯಿತು.

ಸುದ್ದಿಯ ಗದ್ದಲವಿಲ್ಲದೆ ನಡೆದುಬಂದ ಅವರ ಇನ್ನೊಂದು ಸಾಧನೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚಿನದು. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿತು. ಸಾವಿರಕ್ಕೂ ಮೀರಿದ ಉಪನ್ಯಾಸಗಳು ಅಲ್ಲಿ ನಡೆದಿವೆ. ಪ್ರವೇಶಕ್ಕೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಸಂಶೋಧನಾಲಯದ ವಿಜ್ಞಾನಿ ಅಲ್ಲಿ ಕಾಲೇಜು ಹುಡುಗರ, ನಿವೃತ್ತ ಗುಮಾಸ್ತರ, ಗೃಹಿಣಿಯರ ಎದುರು ನಿಂತು ತನ್ನ ಕೆಲಸವನ್ನು ವಿವರಿಸಬೇಕು, ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಎಚ್ಚೆನ್ ಅವರ ಜೀವನಸೂತ್ರವಾಗಿತ್ತು. ಆ ವೇದಿಕೆಯಲ್ಲಿ ವಿಜ್ಞಾನಿಯೂ ಅದಕ್ಕೆ ಹೊರತಾಗಿರಲಿಲ್ಲ.

ಇಂದಿನ ಸಂಶೋಧಕರಿಗೆ ಇಲ್ಲಿ ಪಾಠವಿದೆ. ಇಲಿಗಳ ಮೇಲೆ ನಡೆದ ಪ್ರಯೋಗವೊಂದು ಮರುದಿನ ಮನುಷ್ಯನ ಕಾಯಿಲೆಗೆ ಮದ್ದು ಎಂಬ ಶೀರ್ಷಿಕೆಯಾಗುವುದುಂಟು. ಇದಕ್ಕೆ ವರದಿಗಾರನೊಬ್ಬನನ್ನೇ ಹೊಣೆ ಮಾಡಲಾಗದು. ಪತ್ರಿಕಾ ಹೇಳಿಕೆಯಲ್ಲೇ ಪ್ರಯೋಗದ ಮಿತಿಯನ್ನು ಮುಚ್ಚಿಟ್ಟು ಭರವಸೆಯನ್ನು ಹಿಗ್ಗಿಸಿದ್ದರೆ ತಪ್ಪು ಅಲ್ಲಿಂದಲೇ ಆರಂಭವಾಗಿರುತ್ತದೆ. ಎಷ್ಟು ಜನರ ಮೇಲೆ ಪರೀಕ್ಷಿಸಲಾಯಿತು, ಹೋಲಿಕೆಗೆ ಏನನ್ನು ಇಟ್ಟುಕೊಳ್ಳಲಾಗಿತ್ತು, ಇತರ ವಿಜ್ಞಾನಿಗಳು ಪರಾಮರ್ಶಿಸಿದ್ದಾರೆಯೇ, ಹಣ ಕೊಟ್ಟವರು ಯಾರು, ಇನ್ನೂ ತಿಳಿಯಬೇಕಾದದ್ದೇನು ಎಂಬುದನ್ನು ತಾನಾಗಿಯೇ ಹೇಳುವ ವಿಜ್ಞಾನಿಯ ಮಾತು ತಿರುಚಲು ಕಷ್ಟ. ಇವೆಲ್ಲವನ್ನೂ ಕನ್ನಡದಲ್ಲಿ ಹೇಳಲು ಸಾಧ್ಯ. ಹೇಳುವ ಅಭ್ಯಾಸವಿಲ್ಲದಿರುವುದನ್ನು ಭಾಷೆಯ ಕೊರತೆಯೆಂದು ಬಗೆಯುವುದು ನ್ಯಾಯವಲ್ಲ.

ಸಾರ್ವಜನಿಕರ ತೆರಿಗೆಯಿಂದ ನಡೆಯುವ ಸಂಶೋಧನೆಯ ವಿಚಾರದಲ್ಲಿ ಇದು ಔದಾರ್ಯದ ಮಾತಲ್ಲ, ಋಣದ ಮಾತು. ಜ್ಞಾನಭಾರತಿಯ ಪ್ರಯೋಗಾಲಯದಲ್ಲಿ ನಡೆಯುವುದೇನೆಂದು ಪಕ್ಕದ ನಾಗರಬಾವಿಯ, ಕೆಂಗೇರಿಯ ನಾಗರಿಕನಿಗೆ ತಿಳಿಯದಿದ್ದರೆ, ಆ ಖಾಲಿ ಜಾಗವನ್ನು ವದಂತಿ ತುಂಬುತ್ತದೆ. ಕೊರೊನಾ ಕಾಲದಲ್ಲಿ ಸುಳ್ಳು ಮದ್ದುಗಳ ಸಂದೇಶಗಳು ಮನೆಮನೆಯ ಮೊಬೈಲಿಗೆ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಗಳಿಗೆಯಲ್ಲಿ ಹಠಾತ್ತನೆ ಮಾತಿಗೆ ತೊಡಗುವ ವಿಜ್ಞಾನಿಯನ್ನು ಜನ ನಂಬಬೇಕಾದರೆ, ಅದಕ್ಕೂ ಮುಂಚಿನ ಸಾಮಾನ್ಯ ದಿನಗಳಲ್ಲಿ ಅವರ ಪರಿಚಯ ಆಗಿರಬೇಕು.

ಪದ್ಮಭೂಷಣ ಪುರಸ್ಕೃತರಾಗಿದ್ದ ಎಚ್ಚೆನ್ 2005ರ ಜನವರಿ 31ರಂದು ನಿಧನರಾದರು. ಅವರ ಹೆಸರಿನೊಂದಿಗೆ ಜನ ಇಂದಿಗೂ ಮೊದಲು ನೆನೆಯುವುದು ಆ ಮೂರು ಪತ್ರಗಳನ್ನು. ನಮ್ಮ ವಿಜ್ಞಾನಿಗಳು ಅನುಸರಿಸಬೇಕಾದದ್ದು ಅವರ ಬುಧವಾರಗಳನ್ನು.