ಉಗಿಯಂತ್ರದ ಮೌನಶಿಲ್ಪಿ ವಿಲಿಯಂ ಮರ್ಡಾಕ್

ಉಗಿಯಂತ್ರವೆಂದೊಡನೆ ಜೇಮ್ಸ್ ವಾಟನ ಹೆಸರು ನಮ್ಮೆಲ್ಲರ ನಾಲಗೆಗೆ ಬರುತ್ತದೆ. ಆ ಮಹಾಶಯನ ಕೀರ್ತಿಗೆ ಕುಂದು ತರುವ ಕಾರಣವೇನೂ ಇಲ್ಲ. ಆದರೆ ವಾಟನ ಯಂತ್ರಗಳನ್ನು ಗಣಿಗಣಿಗೆ ಕೊಂಡೊಯ್ದು ನಿಲ್ಲಿಸಿದವನೂ, ಕೆಟ್ಟಾಗ ಹಗಲಿರುಳೆನ್ನದೆ ದುರಸ್ತು ಮಾಡಿದವನೂ, ಅವುಗಳಿಗಿಂತ ಸರಳವಾದ ಬೇರೊಂದು ಯಂತ್ರವನ್ನು ತನ್ನ ಬುದ್ಧಿಯಿಂದ ಕಲ್ಪಿಸಿದವನೂ ಆದ ಒಬ್ಬ ಕುಶಲಕರ್ಮಿಯನ್ನು ಲೋಕವು ಬಹುಮಟ್ಟಿಗೆ ಮರೆತಿದೆ. ಆತನೇ ವಿಲಿಯಂ ಮರ್ಡಾಕ್.

1754ನೆಯ ಇಸವಿ ಆಗಸ್ಟ್ 21ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತ್ಯದಲ್ಲಿ, ಲೂಗರ್ ಎಂಬ ಹಳ್ಳಿಯ ಸಮೀಪದ ಬೆಲ್ಲೊ ಮಿಲ್ಲಿನಲ್ಲಿ ಆತನ ಜನನವಾಯಿತು. ತಂದೆ ಜಾನ್ ಮರ್ಡಾಕನು ಮೊದಲು ಫಿರಂಗಿದಳದಲ್ಲಿ ಸೇವೆ ಸಲ್ಲಿಸಿದವನು; ಅನಂತರ ಗಿರಣಿಗಳ ಯಂತ್ರಭಾಗಗಳನ್ನು ಕಟ್ಟುವ ಕಸುಬನ್ನು ಹಿಡಿದನು. ಮರದ ಹಲ್ಲುಗಾಲಿಗಳೇ ಬಳಕೆಯಲ್ಲಿದ್ದ ಆ ದಿನಗಳಲ್ಲಿ ಎರಕದ ಕಬ್ಬಿಣದ ಹಲ್ಲುಗಾಲಿಗಳನ್ನು ಮಾಡಿಸಿದ ಸಾಹಸಿ ಅವನು. ತಂದೆಯ ಕೆಲಸದ ಮನೆಯೇ ಬಾಲಕನಿಗೆ ಎರಡನೆಯ ಪಾಠಶಾಲೆಯಾಯಿತು. ಶಾಲೆಯಲ್ಲಿ ಗಣಿತವೆಂದರೆ ಅವನಿಗೆ ಬಲು ಪ್ರೀತಿ. ತಂದೆಯೂ ಮಗನೂ ಸೇರಿ ಮೂರು ಗಾಲಿಗಳ ಮೇಲೆ ಓಡುವ ಮರದ ಕುದುರೆಯೊಂದನ್ನು ಕಟ್ಟಿದ್ದರೆಂದು ಹೇಳುತ್ತಾರೆ.

ಹಳ್ಳಿಯಲ್ಲಿದ್ದುಕೊಂಡು ದೊಡ್ಡ ಯಂತ್ರವಿದ್ಯೆಯನ್ನು ಕಲಿಯುವುದು ಸಾಧ್ಯವಿರಲಿಲ್ಲ. 1777ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಮರ್ಡಾಕನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೊರಟನು. ದಾರಿ 300 ಮೈಲಿಗೂ ಹೆಚ್ಚು. ಆತನು ನಡೆದೇ ಬಂದನೆಂದು ಪ್ರತೀತಿ. ಅಲ್ಲಿ ಸೋಹೊ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ ಮತ್ತು ಜೇಮ್ಸ್ ವಾಟರ ಕಾರ್ಖಾನೆಯಿತ್ತು. ಬೋಲ್ಟನ್ನನು ಮೊದಲು ಕೆಲಸವಿಲ್ಲವೆಂದನಂತೆ. ಸಂಕೋಚದಿಂದ ನಿಂತಿದ್ದ ತರುಣನು ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿರಲು ಅದು ಜಾರಿ ನೆಲಕ್ಕೆ ಬಿದ್ದು ಗಟ್ಟಿಯಾಗಿ ಸದ್ದು ಮಾಡಿತು. ವಿಚಾರಿಸಿದಾಗ ಅದು ಬಟ್ಟೆಯ ಟೋಪಿಯಲ್ಲ, ತಾನೇ ರಚಿಸಿದ ಲೇಥಿನಲ್ಲಿ ಆತನೇ ಕಡೆದ ಮರದ ಟೋಪಿಯೆಂದು ತಿಳಿಯಿತು. ತಲೆಯ ಆಕಾರಕ್ಕೆ ತಕ್ಕಂತೆ ಅಂಡಾಕೃತಿಯಲ್ಲಿ ಮರವನ್ನು ಕಡೆಯುವುದು ಸುಲಭದ ಕೆಲಸವಲ್ಲ. ಬೋಲ್ಟನ್ನನು ಕೂಡಲೇ ಅವನನ್ನು ಕೆಲಸಕ್ಕೆ ತೆಗೆದುಕೊಂಡನು. ಪ್ರಮಾಣಪತ್ರವಿಲ್ಲದ ತರುಣನಿಗೆ ತಲೆಯ ಮೇಲಿನ ಟೋಪಿಯೇ ಪ್ರಮಾಣಪತ್ರವಾಯಿತು!

ಎರಡು ವರ್ಷಗಳಲ್ಲಿ ಮರ್ಡಾಕನಿಗೆ ದೊಡ್ಡ ಜವಾಬ್ದಾರಿ ಬಂದಿತು. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯವು ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾದುದು. ಅಗೆದಷ್ಟೂ ಗಣಿಗಳಲ್ಲಿ ನೀರು ತುಂಬುತ್ತಿತ್ತು. ಅದನ್ನು ಮೇಲೆತ್ತದೆ ಕೆಲಸ ಸಾಗದು. ಕಲ್ಲಿದ್ದಲನ್ನು ದೂರದ ವೇಲ್ಸಿನಿಂದ ಹಡಗಿನಲ್ಲಿ ತರಿಸಬೇಕಾಗಿದ್ದುದರಿಂದ ಕಡಿಮೆ ಇದ್ದಲು ತಿನ್ನುವ ವಾಟನ ಯಂತ್ರಕ್ಕೆ ಅಲ್ಲಿ ಬಹಳ ಬೇಡಿಕೆ. ಹಳೆಯ ನ್ಯೂಕಮೆನ್ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಇದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಗಣಿಯವರು ವಾಟ್ ಮತ್ತು ಬೋಲ್ಟನ್ನರಿಗೆ ಸಲ್ಲಿಸಬೇಕು. ಯಂತ್ರವು ಒಂದು ದಿನ ನಿಂತರೂ ಎರಡು ಕಡೆಗೂ ನಷ್ಟ. ಇಂತಹ ಸ್ಥಳದಲ್ಲಿ, ರೆಡ್‌ರೂತ್ ಎಂಬ ಪಟ್ಟಣದಲ್ಲಿ ನೆಲಸಿ, 1779ರಿಂದ 1798ರವರೆಗೆ ಮರ್ಡಾಕನು ಯಂತ್ರಗಳನ್ನು ಕಟ್ಟಿದನು, ಕಾಪಾಡಿದನು.

ಇನ್ನು ಆತನ ಮುಖ್ಯ ಕಲ್ಪನೆಯನ್ನು ಪರಿಶೀಲಿಸೋಣ. ವಾಟನ ಯಂತ್ರವು ಒಂದು ಕಟ್ಟಡದಷ್ಟು ದೊಡ್ಡದು. ನೆಲದ ಮೇಲೆ ಅಲುಗಾಡದಂತೆ ನಿಲ್ಲಿಸಿದ ಸಿಲಿಂಡರು. ಅದರೊಳಗೆ ಉಗಿಯ ಬಲದಿಂದ ಮೇಲೆ ಕೆಳಗೆ ಚಲಿಸುವ ಪಿಸ್ಟನ್. ಮೇಲ್ಗಡೆ ತಕ್ಕಡಿಯ ದಂಡದಂತೆ ತೂಗುವ ಭಾರವಾದ ತೊಲೆ. ತೊಲೆಯ ಇನ್ನೊಂದು ತುದಿಗೆ ಗಣಿಯೊಳಗಿನ ಪಂಪು. ನೀರೆತ್ತುವ ಕೆಲಸಕ್ಕೆ ಈ ಏರಿಳಿತವೇ ಸಾಕು. ಆದರೆ ಚಕ್ರವನ್ನು ತಿರುಗಿಸಬೇಕಾದರೆ ತೊಡಕು ಹೆಚ್ಚುತ್ತದೆ. ಪಿಸ್ಟನ್ನಿನ ದಂಡವು ನೇರವಾಗಿ ಮಾತ್ರ ಚಲಿಸಬಲ್ಲದು. ಚಕ್ರದ ಕ್ರ್ಯಾಂಕಾದರೋ ಸುತ್ತು ತಿರುಗುವುದು. ಇವೆರಡನ್ನು ಹೊಂದಿಸಲು ನಡುವೆ ದಂಡಗಳು, ಕೀಲುಗಳು, ಸನ್ನೆಗಳು ಬೇಕು. ಉಗಿಯನ್ನು ಒಳಗೆ ಬಿಡಲೂ ಹೊರಗೆ ಹಾಕಲೂ ಕವಾಟಗಳು ಬೇಕು. ಆ ಕವಾಟಗಳನ್ನು ನಡೆಸಲು ಮತ್ತಷ್ಟು ದಂಡಗಳು ಬೇಕು. ಒಂದೊಂದು ಕೀಲೂ ಸವೆಯುವ ಸ್ಥಳ, ಕೆಡುವ ಸ್ಥಳ. ಅವುಗಳನ್ನು ದಿನವೂ ಬಿಚ್ಚಿ ಜೋಡಿಸುತ್ತಿದ್ದ ಮರ್ಡಾಕನಿಗಿಂತ ಇದನ್ನು ಚೆನ್ನಾಗಿ ಬಲ್ಲವರಾರು?

1785ರ ಸುಮಾರಿಗೆ ಆತನು ಒಂದು ಹೊಸ ಮಾದರಿಯನ್ನು ರಚಿಸಿದನು. ಎಲ್ಲರೂ ಸಿಲಿಂಡರು ಸ್ಥಿರವಾಗಿರಬೇಕೆಂದು ಭಾವಿಸಿದ್ದರು. ಮರ್ಡಾಕನು ಸಿಲಿಂಡರನ್ನೇ ತೂಗಾಡಲು ಬಿಟ್ಟನು. ಫಿರಂಗಿಯ ಕೊಳವೆಯು ಇಕ್ಕೆಲದ ಎರಡು ಗೂಟಗಳ ಆಧಾರದಿಂದ ತನ್ನ ಗಾಡಿಯ ಮೇಲೆ ಕೂತು ಮೇಲೆ ಕೆಳಗೆ ಹೊರಳುವಂತೆ, ಸಿಲಿಂಡರನ್ನು ಎರಡು ಗೂಟಗಳ ಮೇಲೆ ನಿಲ್ಲಿಸಿದರೆ ಅದು ಅತ್ತಿತ್ತ ಬಾಗಬಲ್ಲದು. ಆಗ ಪಿಸ್ಟನ್ನಿನ ದಂಡವನ್ನು ನೇರವಾಗಿ ಕ್ರ್ಯಾಂಕಿಗೇ ಜೋಡಿಸಬಹುದು. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯರನ್ನು ನೆನೆಯಿರಿ. ಗೂಟವನ್ನು ಹಿಡಿದ ಕೈ ವೃತ್ತಾಕಾರವಾಗಿ ಸುತ್ತುತ್ತದೆ. ತೋಳು ಮುಂದೆ ಚಾಚುತ್ತದೆ, ಹಿಂದೆ ಸರಿಯುತ್ತದೆ. ಅದಕ್ಕೆ ಅನುಗುಣವಾಗಿ ಭುಜವೂ ಅತ್ತಿತ್ತ ತೂಗುತ್ತದೆ. ಭುಜವನ್ನು ಅಲುಗಾಡದಂತೆ ಕಟ್ಟಿಹಾಕಿದರೆ ಬೀಸುವುದು ಎಷ್ಟು ಕಷ್ಟ! ಮರ್ಡಾಕನು ಯಂತ್ರದ ಭುಜದ ಕಟ್ಟನ್ನು ಬಿಚ್ಚಿದನೆನ್ನಬಹುದು.

ಈ ರಚನೆಯಿಂದ ಇನ್ನೊಂದು ಲಾಭವುಂಟು. ಸಿಲಿಂಡರಿನ ತೂಗಾಟವೇ ಕವಾಟದ ಕೆಲಸವನ್ನೂ ಮಾಡಬಲ್ಲದು. ಇಂದು ಮಕ್ಕಳಿಗಾಗಿ ಮಾಡುವ ಚಿಕ್ಕ ಉಗಿಯಂತ್ರದ ಆಟಿಕೆಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸಿಲಿಂಡರಿನ ಪಕ್ಕದಲ್ಲಿ ಒಂದು ರಂಧ್ರ. ಅದಕ್ಕೆ ಒತ್ತಿಕೊಂಡಿರುವ ಸ್ಥಿರವಾದ ಫಲಕದಲ್ಲಿ ಎರಡು ರಂಧ್ರಗಳು. ಸಿಲಿಂಡರು ಒಂದು ಪಕ್ಕಕ್ಕೆ ಬಾಗಿದಾಗ ಅದರ ರಂಧ್ರವು ಬಾಯ್ಲರಿನಿಂದ ಉಗಿ ಬರುವ ರಂಧ್ರಕ್ಕೆ ಎದುರಾಗುತ್ತದೆ. ಉಗಿ ಒಳನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಇನ್ನೊಂದು ಪಕ್ಕಕ್ಕೆ ಬಾಗಿದಾಗ ಹೊರಹೋಗುವ ರಂಧ್ರಕ್ಕೆ ಎದುರಾಗುತ್ತದೆ; ಕೆಲಸ ಮುಗಿಸಿದ ಉಗಿ ಹೊರಗೆ ಹೋಗುತ್ತದೆ. ಪ್ರತ್ಯೇಕ ಕವಾಟವಿಲ್ಲ, ಅದನ್ನು ನಡೆಸುವ ದಂಡವಿಲ್ಲ. ತೊಲೆಯೂ ಇಲ್ಲ.

ಇಷ್ಟು ಸೊಗಸಾದ ರಚನೆಯು ಆಗಲೇ ಏಕೆ ಬಳಕೆಗೆ ಬರಲಿಲ್ಲ? ಕಾರಣಗಳುಂಟು. ಭಾರವಾದ ಸಿಲಿಂಡರು ತೂಗಾಡುವಾಗ ಉಗಿಯು ಸೋರದಂತೆ ಗೂಟಗಳನ್ನೂ ರಂಧ್ರಗಳನ್ನೂ ನುಣುಪಾಗಿ ಹೊಂದಿಸಬೇಕು. ಅಂದಿನ ಕಮ್ಮಟಗಳಲ್ಲಿ ಅಷ್ಟು ನಯವಾದ ಕೆಲಸ ದುಸ್ಸಾಧ್ಯವಾಗಿತ್ತು. ಗಣಿಯವರಿಗೆ ಬೇಕಾದುದು ನೀರೆತ್ತುವ ಏರಿಳಿತವೇ ಹೊರತು ಚಕ್ರದ ಸುತ್ತಾಟವಲ್ಲ. ಅಲ್ಲಿ ಸ್ಥಳದ ಅಭಾವವೂ ಇರಲಿಲ್ಲ. ಹೀಗೆ ಆ ಯಂತ್ರವು ಮಾದರಿಯಾಗಿಯೇ ಉಳಿಯಿತು. ಮರ್ಡಾಕನು ಅದಕ್ಕೆ ಪೇಟೆಂಟನ್ನೂ ಪಡೆಯಲಿಲ್ಲ.

ಇದೇ ಕಾಲದಲ್ಲಿ ಆತನ ಮತ್ತೊಂದು ಕನಸಿಗೂ ಅಡ್ಡಿ ಬಂದಿತು. 1784ರಲ್ಲಿ ಆತನು ಮೂರು ಗಾಲಿಗಳ ಪುಟ್ಟ ಉಗಿಗಾಡಿಯೊಂದನ್ನು ಮಾಡಿದ್ದನು. ಮದ್ಯಸಾರದ ದೀಪದಿಂದ ಬಾಯ್ಲರನ್ನು ಕಾಯಿಸಿ ಓಡಿಸುವ ಮಾದರಿಯದು. ಒಂದು ರಾತ್ರಿ ರೆಡ್‌ರೂತಿನ ಚರ್ಚಿನ ಹಾದಿಯಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾಗ ಅದು ಬುಸುಗುಟ್ಟುತ್ತ, ಬೆಂಕಿ ಕಾರುತ್ತ, ಒಡೆಯನನ್ನೂ ಮೀರಿ ಓಡಿತು. ಎದುರಿಗೆ ಬಂದ ಪಾದ್ರಿಯು ಸೈತಾನನೇ ಬಂದನೆಂದು ಭೀತನಾಗಿ ಕೂಗಿಕೊಂಡನೆಂದು ಕಥೆ. ಈ ಗಾಡಿಗೆ ಪೇಟೆಂಟು ಪಡೆಯಬೇಕೆಂದು 1786ರಲ್ಲಿ ಮರ್ಡಾಕನು ಲಂಡನ್ನಿಗೆ ಹೊರಟನು. ದಾರಿಯಲ್ಲಿ ಎಕ್ಸೆಟರ್ ನಗರದ ಬಳಿ ಬೋಲ್ಟನ್ನನು ಎದುರಾಗಿ, ಬುದ್ಧಿವಾದ ಹೇಳಿ, ಆತನನ್ನು ಕಾರ್ನ್‌ವಾಲಿಗೆ ಹಿಂದಿರುಗಿಸಿದನು. ಹಿಂದಿರುಗಿದ ಮರ್ಡಾಕನು ಟ್ರೂರೊ ಪಟ್ಟಣದ ದೊಡ್ಡದೊಂದು ಕೊಠಡಿಯಲ್ಲಿ ತನ್ನ ಗಾಡಿಯ ಮೇಲೆ ಒಲೆಯ ಸಲಿಕೆ, ಚಿಮಟಗಳನ್ನು ಹೇರಿ ಸುತ್ತು ಓಡಿಸಿ ತೋರಿಸಿದನಂತೆ. ಅಲ್ಲಿಗೆ ಆ ಕಥೆ ಮುಗಿಯಿತು.

ಬೋಲ್ಟನ್ ಮತ್ತು ವಾಟರಿಗೆ ತಮ್ಮದೇ ಆದ ಸಮರ್ಥನೆಯಿತ್ತು. ಅವರ ಪೇಟೆಂಟಿಗೆ 1800ರವರೆಗೆ ಮಾತ್ರ ಅವಧಿ. ಅಷ್ಟರೊಳಗೆ ಹಾಕಿದ ಬಂಡವಾಳ ಹಿಂದಕ್ಕೆ ಬರಬೇಕು. ಮರ್ಡಾಕನಂತಹ ಕುಶಲನು ಕೈಬಿಟ್ಟರೆ ಕಾರ್ನ್‌ವಾಲಿನ ವ್ಯವಹಾರವೇ ಕುಸಿಯುವ ಭಯ. ಹೆಚ್ಚಿನ ಒತ್ತಡದ ಉಗಿಯು ಅಪಾಯಕರವೆಂಬುದು ವಾಟನ ದೃಢವಾದ ನಂಬಿಕೆ. ಇವೆಲ್ಲವೂ ನಿಜವೇ. ಆದರೂ ಒಬ್ಬ ಸೇವಕನ ನಿಷ್ಠೆಗೆ ಎಷ್ಟು ಬೆಲೆ ತೆರಬೇಕಾಯಿತೆಂಬುದನ್ನು ಮರೆಯಲಾಗದು. ರೆಡ್‌ರೂತಿಗೆ ಕೆಲವೇ ಮೈಲಿ ದೂರದ ಕ್ಯಾಂಬೋರ್ನ್‌ನಲ್ಲಿ, 1801ರ ಡಿಸೆಂಬರ್ 24ರಂದು, ರಿಚರ್ಡ್ ಟ್ರೆವಿಥಿಕ್ ಎಂಬ ಇನ್ನೊಬ್ಬ ಯಂತ್ರಜ್ಞನು ಜನರನ್ನು ಹೊತ್ತ ಉಗಿಗಾಡಿಯನ್ನು ಓಡಿಸಿದನು. ಆ ಕೀರ್ತಿ ಅವನ ಪಾಲಾಯಿತು.

ಮರ್ಡಾಕನ ಗೃಹಜೀವನವೂ ದುಃಖದಿಂದ ಹೊರತಾಗಿರಲಿಲ್ಲ. 1785ರಲ್ಲಿ ಆತನು ಆನ್ ಪೇಂಟರ್ ಎಂಬಾಕೆಯನ್ನು ವಿವಾಹವಾದನು. 1790ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ಆಕೆ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಳು. ಆದರೆ ಆತನ ಕೈ ಮಾತ್ರ ಸುಮ್ಮನಿರಲಿಲ್ಲ. 1792ರ ಸುಮಾರಿಗೆ ಕಲ್ಲಿದ್ದಲನ್ನು ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿ, ಹೊರಬಂದ ಅನಿಲವನ್ನು ಕೊಳವೆಯ ಮೂಲಕ ಹಾಯಿಸಿ, ರೆಡ್‌ರೂತಿನ ತನ್ನ ಮನೆಯಲ್ಲಿ ದೀಪ ಬೆಳಗಿಸಿದನು. 1798ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹಿಂದಿರುಗಿದ ಮೇಲೆ ಸೋಹೊ ಕಾರ್ಖಾನೆಗೂ, ಅನಂತರ ಸ್ಯಾಲ್ಫರ್ಡಿನ ಹತ್ತಿಯ ಗಿರಣಿಯೊಂದಕ್ಕೂ ಅನಿಲದೀಪಗಳನ್ನು ಅಳವಡಿಸಿದನು. ಆ ಗಿರಣಿಯಲ್ಲಿ ದೀಪಗಳ ಸಂಖ್ಯೆ 900ನ್ನು ಮೀರಿತು. 1808ರಲ್ಲಿ ಈ ವಿಷಯದ ಪ್ರಬಂಧಕ್ಕಾಗಿ ರಾಯಲ್ ಸೊಸೈಟಿಯು ಆತನಿಗೆ ರಮ್‌ಫರ್ಡ್ ಪದಕವನ್ನಿತ್ತು ಗೌರವಿಸಿತು. ಇದಕ್ಕೂ ಆತನು ಪೇಟೆಂಟು ಮಾಡಿಸಲಿಲ್ಲ. ಲಾಭವನ್ನು ಪಡೆದವರು ಬೇರೆಯವರು. 1865ರಲ್ಲಿ ನಮ್ಮ ಮುಂಬಯಿಯ ಬೀದಿಗಳಿಗೂ ಅನಿಲದೀಪಗಳು ಬಂದವು.

ತೂಗಾಡುವ ಸಿಲಿಂಡರಿನ ಯಂತ್ರಕ್ಕೆ ತಕ್ಕ ಸ್ಥಳವು ಕೊನೆಗೆ ದೊರೆತುದು ಭೂಮಿಯ ಮೇಲಲ್ಲ, ನೀರಿನ ಮೇಲೆ. ಹಡಗಿನ ಒಡಲಿನಲ್ಲಿ ಎತ್ತರವಾದ ತೊಲೆಯ ಯಂತ್ರಕ್ಕೆ ಎಡೆಯಿಲ್ಲ. ಎರಡೂ ಪಕ್ಕದ ನೀರುಚಕ್ರಗಳನ್ನು ತಿರುಗಿಸುವ ಅಚ್ಚು ಮೇಲಿರುತ್ತದೆ. ಅದರ ಕೆಳಗೇ ಸಿಲಿಂಡರನ್ನು ತೂಗಾಡುವಂತೆ ನಿಲ್ಲಿಸಿದರೆ ಸ್ವಲ್ಪ ಸ್ಥಳದಲ್ಲಿ ಹೆಚ್ಚು ಬಲ ದೊರೆಯುತ್ತದೆ. 1821ರಲ್ಲಿ ಏರನ್ ಮ್ಯಾನ್‌ಬಿ ಎಂಬಾತನು ಇಂತಹ ಯಂತ್ರಕ್ಕೆ ಪೇಟೆಂಟು ಪಡೆದನು. ಆತನ ಹೆಸರನ್ನೇ ಹೊತ್ತ ಕಬ್ಬಿಣದ ಉಗಿಹಡಗು 1822ರಲ್ಲಿ ಸಮುದ್ರವನ್ನು ದಾಟಿ ಪ್ಯಾರಿಸಿಗೆ ಹೋಯಿತು. ಆಗ ಮರ್ಡಾಕನು 67 ವರ್ಷದ ವೃದ್ಧ. ಮುಂದೆ ಗ್ರೀನಿಚ್ಚಿನ ಜಾನ್ ಪೆನ್ನನ ಕಮ್ಮಟವು ಈ ಯಂತ್ರಗಳನ್ನು ಬಹಳ ನಯವಾಗಿ ತಯಾರಿಸಿ ಪ್ರಸಿದ್ಧವಾಯಿತು. ಅಲ್ಲಿ 1841ರಲ್ಲಿ ತಯಾರಾದ ಒಂದು ಯಂತ್ರವು ಜರ್ಮನಿಯ ಎಲ್ಬೆ ನದಿಯ ‘ಡೀಸ್‌ಬಾರ್’ ಎಂಬ ಹಡಗಿನಲ್ಲಿ ಇಂದಿಗೂ ಉಳಿದಿದೆ.

1830ರಲ್ಲಿ ಕಾರ್ಖಾನೆಯಿಂದ ನಿವೃತ್ತನಾದ ಮರ್ಡಾಕನು 1839ರ ನವೆಂಬರ್ 15ರಂದು, 85ನೆಯ ವಯಸ್ಸಿನಲ್ಲಿ, ದೇಹಬಿಟ್ಟನು. ಹ್ಯಾಂಡ್ಸ್‌ವರ್ತಿನ ಚರ್ಚಿನಲ್ಲಿ, ವಾಟ್ ಮತ್ತು ಬೋಲ್ಟನ್ನರ ಸಮಾಧಿಗಳಿರುವ ಸ್ಥಳದಲ್ಲಿಯೇ, ಆತನನ್ನೂ ಸಮಾಧಿ ಮಾಡಿದರು.

ಆತನು ಕಾಲವಾದ ಬಳಿಕ ಆ ಕಲ್ಪನೆಯು ಇನ್ನೂ ಬೃಹತ್ತಾದ ರೂಪವನ್ನು ತಾಳಿತು. 1858ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯ ಪಕ್ಕದ ಚಕ್ರಗಳನ್ನು ತಿರುಗಿಸುತ್ತಿದ್ದುದು ತೂಗಾಡುವ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ 74 ಅಂಗುಲ. ಪಿಸ್ಟನ್ನಿನ ಓಟ 14 ಅಡಿ. ಅದೇ ನೌಕೆಯು 1870ರಲ್ಲಿ ನಮ್ಮ ಮುಂಬಯಿಯ ಬಂದರಕ್ಕೆ ಬಂದು, ಇಲ್ಲಿಂದ ಏಡನ್ನಿನವರೆಗೆ ಸಮುದ್ರದಡಿಯಲ್ಲಿ ತಂತಿಯನ್ನು ಹಾಸಿತು. ರೆಡ್‌ರೂತಿನಲ್ಲಿ ಹುಟ್ಟಿದ ಪುಟ್ಟ ಮಾದರಿಯ ತತ್ತ್ವವು 85 ವರ್ಷಗಳ ಬಳಿಕ ಹೀಗೆ ನಮ್ಮ ಕಡಲ ತೀರಕ್ಕೂ ಬಂದಿತು.

1956ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದವರು ಬೋಲ್ಟನ್, ವಾಟ್ ಮತ್ತು ಮರ್ಡಾಕ್ ಮೂವರೂ ಒಂದು ಯಂತ್ರದ ನಕ್ಷೆಯನ್ನು ನೋಡುತ್ತ ನಿಂತಿರುವ ಚಿನ್ನದ ಲೇಪದ ಪ್ರತಿಮೆಯನ್ನು ಸ್ಥಾಪಿಸಿದರು. ಜೀವಮಾನವೆಲ್ಲ ಅವರ ಹಿಂದೆ ನಿಂತು ದುಡಿದವನು ಅಲ್ಲಿ ಅವರ ಸರಿಸಮಾನನಾಗಿ ನಿಂತಿದ್ದಾನೆ.

ವಿದ್ಯಾರ್ಥಿಮಿತ್ರರೇ, ಮರ್ಡಾಕನು ಎಕ್ಸೆಟರಿನಿಂದ ಹಿಂದಿರುಗದೆ ಲಂಡನ್ನಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಬಹುದು; ಹಿಂದಿರುಗಿದುದು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ನಿಮ್ಮ ನಿಮ್ಮಲ್ಲಿಯೇ ಚರ್ಚೆ ನಡೆಯಲಿ. ಆದರೆ ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿಡಿ. ಸಿಲಿಂಡರು ಅಲುಗಬಾರದೆಂದು ಎಲ್ಲರೂ ನಂಬಿದ್ದಾಗ, ಅಲುಗಿದರೇನು ಎಂದು ಕೇಳಿ, ತನ್ನ ಕೈಯಿಂದಲೇ ಮಾದರಿಯನ್ನು ಮಾಡಿ ನೋಡಿದ ಧೈರ್ಯ ಆತನದು. ಯಾವ ಯಂತ್ರವನ್ನಾಗಲಿ, ಯಾವ ಪಾಠವನ್ನಾಗಲಿ ನೋಡುವಾಗ ನೀವೂ ಹಾಗೆ ಕೇಳಿರಿ, ಮಾಡಿ ನೋಡಿರಿ.